ಕಂಪೈಲರ್ ಬರೆದ ಕೋಡನ್ನೂ ಮನುಷ್ಯರೇ ಓದುತ್ತಾರೆ

"ಔಟ್‌ಪುಟ್ ಯಾರು ಓದುತ್ತಾರೆ? ಸೋರ್ಸ್ ಮ್ಯಾಪ್ ಇದೆಯಲ್ಲ, ಅದನ್ನು ಬಳಸಿ." ಇವತ್ತು ಮಧ್ಯಾಹ್ನ ನಮ್ಮ ತಂಡದಲ್ಲಿ ಒಂದು ಮನವಿಯನ್ನು ಇಷ್ಟು ಬರೆದು ಮುಚ್ಚಿಬಿಟ್ಟರು. (ಸೋರ್ಸ್ ಮ್ಯಾಪ್ ಎಂದರೆ ಹೊರಬಂದ ಕೋಡಿನ ಯಾವ ಜಾಗ ಮೂಲ ಕೋಡಿನ ಎಲ್ಲಿಂದ ಬಂತು ಎಂದು ತೋರಿಸುವ ಫೈಲ್.) ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಮನವಿ ಅದು. ನಮ್ಮ ಕಂಪೈಲರ್ (ಒಂದು ಭಾಷೆಯ ಕೋಡನ್ನು ಇನ್ನೊಂದಕ್ಕೆ ಬದಲಿಸುವ ಪ್ರೋಗ್ರಾಂ) ಹೊರಹಾಕುವ ಜಾವಾಸ್ಕ್ರಿಪ್ಟ್ ಕೋಡನ್ನು ಓದಲು ಬರುವಂತೆ ಮಾಡಬಹುದೇ, ದೋಷ ಎಲ್ಲಿದೆ ಎಂದು ಹುಡುಕುವುದು ಕಷ್ಟವಾಗುತ್ತಿದೆ ಎಂದು ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರ ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ.

ಕಂಪೈಲರ್ ಬರೆಯುವುದು ನನ್ನ ಕೆಲಸ ಎಂದು ನಿಮಗೆಲ್ಲ ಗೊತ್ತು. ಮೂಲ ಕೋಡನ್ನು ಓದಿ ಬಿಡಿಸುವ ಅದರ ಮೊದಲ ಭಾಗ, ಪಾರ್ಸರ್, ಬಗ್ಗೆ ನಾನು ಹೇಳಿಕೊಂಡ ಗೋಳನ್ನೂ ಸಾಕಷ್ಟು ಕೇಳಿದ್ದೀರಿ. ಈ ಸಲದ ಕೋಪ ಕಂಪೈಲರ್‌ನ ಇನ್ನೊಂದು ತುದಿಯದು.

ಅವಳ ಪಕ್ಕ ಕುಳಿತು ಆ ಕೋಡನ್ನು ನೋಡಿದೆ. ಮೂಲದಲ್ಲಿ ಆರೇಳು ಸಾಲಿನ ಸರಳ ಫಂಕ್ಷನ್. ಪಟ್ಟಿಯಲ್ಲಿರುವ ವಸ್ತುಗಳ ಬೆಲೆ ಕೂಡಿಸಿ, ರಿಯಾಯಿತಿ ಇದ್ದರೆ ಕಳೆಯುತ್ತದೆ. ಹೊರಬಂದದ್ದು ಅಲ್ಪವಿರಾಮಗಳಿಂದ ಪೋಣಿಸಿದ ಒಂದೇ ಉದ್ದ ಸಾಲು. ಮೂಲದಲ್ಲಿ ಅರ್ಥವುಳ್ಳ ಹೆಸರಿದ್ದ ವೇರಿಯಬಲ್‌ಗಳೆಲ್ಲ ಟಿ7, ಟಿ12, ಟಿ14 ಆಗಿವೆ. ಇಫ್ ಮಾಯವಾಗಿ ಅದರ ಜಾಗದಲ್ಲಿ ಒಂದರೊಳಗೊಂದು ಹುದುಗಿದ ಪ್ರಶ್ನಾರ್ಥಕ ಚಿಹ್ನೆಗಳು. ಫಂಕ್ಷನ್‌ಗೆ ಹೆಸರೇ ಇಲ್ಲದ ಕಾರಣ, ಯಾವ ಫಂಕ್ಷನ್ ಯಾವುದನ್ನು ಕರೆದಾಗ ದೋಷ ಬಂತು ಎಂದು ತೋರಿಸುವ ಸ್ಟ್ಯಾಕ್ ಟ್ರೇಸ್‌ನಲ್ಲಿ ಮೇಲಿಂದ ಕೆಳಗಿನವರೆಗೂ 'ಅನಾನಿಮಸ್', 'ಅನಾನಿಮಸ್'. ಎಲ್ಲೋ ಒಂದು ಮೌಲ್ಯ 'ಅನ್‌ಡಿಫೈನ್ಡ್' ಎಂದು ದೂರು ಬಂದಿದೆ. ಸಾಲಿನ ಸಂಖ್ಯೆಯನ್ನೂ ಕೊಟ್ಟಿದೆ. ಇಡೀ ಫಂಕ್ಷನ್ ಒಂದೇ ಸಾಲಿನಲ್ಲಿ ಇರುವಾಗ ಆ ಸಂಖ್ಯೆಯನ್ನು ಇಟ್ಟುಕೊಂಡು ಏನು ಮಾಡಬೇಕು?

ಇದನ್ನು ತಂತ್ರಜ್ಞಾನದ ಅನಿವಾರ್ಯತೆ ಎಂದು ಒಪ್ಪಲು ನಾನು ತಯಾರಿಲ್ಲ. ಇದು ಬರೆದವರ ಅಸಡ್ಡೆ.

ಈಗ ಆ ಸೋರ್ಸ್ ಮ್ಯಾಪ್ ವಿಷಯಕ್ಕೆ ಬರೋಣ, ಎಲ್ಲರೂ ಅದರ ಹಿಂದೆಯೇ ಅವಿತುಕೊಳ್ಳುತ್ತಿದ್ದಾರಲ್ಲ. ಅದರೊಳಗೆ ಇರುವುದು ಏನು? 'ಮ್ಯಾಪಿಂಗ್ಸ್' ಎಂಬ ಒಂದು ಉದ್ದನೆಯ ಅಕ್ಷರಮಾಲೆ. ಬಿಡಿಸಿ ನೋಡಿದರೆ ಸಿಗುವುದು ಹೊರಬಂದ ಕೋಡಿನ ಕಾಲಂ, ಯಾವ ಮೂಲ ಫೈಲ್, ಅದರ ಎಷ್ಟನೇ ಸಾಲು, ಎಷ್ಟನೇ ಕಾಲಂ, ಕೆಲವು ಕಡೆ ಮೂಲದ ಹೆಸರು. ಅಲ್ಲಿಗೆ ಮುಗಿಯಿತು. ಇಲ್ಲಿಂದ ಅಲ್ಲಿಗೆ ಎಂದು ಜಾಗ ತೋರಿಸುವುದಷ್ಟೇ ಅದಕ್ಕೆ ಗೊತ್ತು. ಮೂಲದ ಯಾವ ವೇರಿಯಬಲ್‌ನ ಮೌಲ್ಯ ಈಗ ಎಲ್ಲಿ ಕುಳಿತಿದೆ, ಯಾವ ವ್ಯಾಪ್ತಿಯಲ್ಲಿ (ಅಂದರೆ ಕೋಡಿನ ಯಾವ ಭಾಗದಲ್ಲಿ) ಯಾವ ಹೆಸರು ಜೀವಂತವಾಗಿದೆ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಸಿ ಭಾಷೆಯವರು ದೋಷ ಹುಡುಕಲು ಬಳಸುವ ಡ್ವಾರ್ಫ್ ಎಂಬ ಮಾಹಿತಿಯಲ್ಲಿ ವೇರಿಯಬಲ್ ಯಾವ ರಿಜಿಸ್ಟರ್‌ನಲ್ಲಿದೆ, ಸ್ಟ್ಯಾಕ್‌ನ ಯಾವ ಜಾಗದಲ್ಲಿದೆ ಎಂಬುದೂ ಇರುತ್ತದೆ. ನಮ್ಮಲ್ಲಿ ಇಲ್ಲ. ಸೋರ್ಸ್ ಮ್ಯಾಪ್‌ನ ಮೂರನೇ ಆವೃತ್ತಿ ಬಂದದ್ದು 2011ರಲ್ಲಿ. ಅದು ಇಸಿಎಂಎ-426 ಎಂಬ ಅಧಿಕೃತ ಮಾನದಂಡವಾದದ್ದು 2024ರ ಕೊನೆಗೆ. ವ್ಯಾಪ್ತಿಗಳ ಮಾಹಿತಿಯನ್ನೂ ಅದರಲ್ಲಿ ಸೇರಿಸಬೇಕೆಂಬ ಪ್ರಸ್ತಾಪ ಬಂದಿರುವುದೇ ಈಗಿರುವುದು ಸಾಲದು ಎಂಬ ಕಾರಣಕ್ಕೆ.

ಹಾಗಾಗಿ ಏನಾಗುತ್ತದೆ? ದೋಷ ಹುಡುಕುವ ಉಪಕರಣವಾದ ಡೀಬಗರ್ ಮೂಲ ಫೈಲನ್ನು ತೋರಿಸುತ್ತದೆ. ಕೋಡು ಇಲ್ಲಿ ನಿಲ್ಲಲಿ ಎಂದು ಬ್ರೇಕ್‌ಪಾಯಿಂಟ್ ಇಡುತ್ತೀರಿ, ಅದು ಎರಡು ಸಾಲು ಕೆಳಗೆ ಜಾರಿ ಕೂರುತ್ತದೆ. ಕಣ್ಣೆದುರು ಕಾಣುತ್ತಿರುವ ವೇರಿಯಬಲ್‌ನ ಹೆಸರನ್ನೇ ಕನ್ಸೋಲ್‌ನಲ್ಲಿ ಬರೆದರೆ, ಅಂಥದ್ದೊಂದು ಇಲ್ಲವೇ ಇಲ್ಲ ಎಂಬ ಉತ್ತರ, ಏಕೆಂದರೆ ನಿಜವಾಗಿ ಓಡುತ್ತಿರುವ ಕೋಡಿನಲ್ಲಿ ಅದರ ಹೆಸರು ಟಿ14. ಹೊಸ ಡೀಬಗರ್‌ಗಳು ಹೆಸರು ಹೊಂದಿಸಲು ಪ್ರಯತ್ನಿಸುತ್ತವೆ, ಹಲವು ಕಡೆ ಸೋಲುತ್ತವೆ. ಇನ್ನು ಮ್ಯಾಪ್ ಫೈಲ್ ಜೊತೆಗೆ ಬಂದೇ ಇಲ್ಲದಿದ್ದರೆ, ಅಥವಾ ಹಿಂದಿನ ಬಿಲ್ಡಿನದು ಉಳಿದುಕೊಂಡಿದ್ದರೆ? ಸೋರ್ಸ್ ಮ್ಯಾಪ್ ಎಂದರೇನೆಂದೇ ತಿಳಿಯದ ಯಾವುದೋ ಪುಟ್ಟ ಸ್ಕ್ರಿಪ್ಟ್ ಎಂಜಿನ್‌ನೊಳಗೆ ಆ ಕೋಡು ಓಡುತ್ತಿದ್ದರೆ? ಎಲ್ಲಕ್ಕಿಂತ ಹೆಚ್ಚಾಗಿ, ದೋಷ ಕಂಪೈಲರ್‌ನಲ್ಲೇ ಇದ್ದರೆ? ಆಗ ಮೂಲವನ್ನು ನೂರು ಸಲ ಓದಿದರೂ ತಪ್ಪು ಕಾಣುವುದಿಲ್ಲ. ಔಟ್‌ಪುಟ್ ತೆರೆಯಲೇಬೇಕು. ಕಂಪೈಲರ್ ಬರೆಯುವ ನಾವು ದಿನವೂ ಮಾಡುವ ಕೆಲಸವೇ ಅದು. ಹಾಗಿರುವಾಗ 'ಯಾರು ಓದುತ್ತಾರೆ' ಎಂದು ನಮ್ಮವರೇ ಕೇಳುವುದು ನನಗೆ ನಿಜಕ್ಕೂ ನೋವು ತಂದಿತು.

ಚೆನ್ನಾಗಿ ಮಾಡಿ ತೋರಿಸಿದವರು ಇದ್ದಾರೆ. ಜಾವಾಸ್ಕ್ರಿಪ್ಟ್ ಆಗಿ ಬದಲಾಗುವ ಭಾಷೆ ಕಾಫಿಸ್ಕ್ರಿಪ್ಟ್ 2009ರಲ್ಲಿ ಬಂತು. ಸೋರ್ಸ್ ಮ್ಯಾಪ್ ಅದಕ್ಕೆ ಸೇರಿದ್ದು 2013ರಲ್ಲಿ. ನಡುವಿನ ವರ್ಷಗಳಲ್ಲಿ ಅದನ್ನು ಬಳಸಿದವರು ದೋಷ ಹುಡುಕಿದ್ದು ಹೊರಬಂದ ಜಾವಾಸ್ಕ್ರಿಪ್ಟ್ ಓದಿಯೇ. ಅದು ಸಾಧ್ಯವಾದದ್ದು ಔಟ್‌ಪುಟ್ ಓದುವಂತಿರಬೇಕು ಎಂದು ಆ ಭಾಷೆ ಮೊದಲೇ ನಿಶ್ಚಯಿಸಿದ್ದರಿಂದ. 2012ರಲ್ಲಿ ಬಂದ ಟೈಪ್‌ಸ್ಕ್ರಿಪ್ಟ್ ಕೂಡ ಶುದ್ಧವಾದ, ಗುರುತು ಸಿಗುವ ಜಾವಾಸ್ಕ್ರಿಪ್ಟ್ ಹೊರಡಿಸುವುದನ್ನು ತನ್ನ ವಿನ್ಯಾಸದ ಗುರಿಗಳಲ್ಲಿ ಒಂದಾಗಿ ಬರೆದಿಟ್ಟುಕೊಂಡಿದೆ. ನಡುವೆ ಕಾದು ಮುಂದುವರಿಯುವ ಅಸಿಂಕ್ ಫಂಕ್ಷನ್ ಒಂದನ್ನು ಜಾವಾಸ್ಕ್ರಿಪ್ಟ್‌ನ ಹಳೆಯ ಆವೃತ್ತಿಯಾದ ಇಎಸ್5ಗೆ ಇಳಿಸುವಾಗ ಅದು ಸ್ವಿಚ್ ಮತ್ತು ಕೇಸ್‌ಗಳ ಸ್ಥಿತಿಯಂತ್ರವಾಗುತ್ತದೆ, ಬೇರೆ ದಾರಿ ಇಲ್ಲ. ಆದರೆ ಅಲ್ಲಿಯೂ 4 ಎಂಬ ಅಂಕಿಯ ಪಕ್ಕದಲ್ಲಿ 'ಯೀಲ್ಡ್' ಎಂದೂ 2ರ ಪಕ್ಕದಲ್ಲಿ 'ರಿಟರ್ನ್' ಎಂದೂ ಪುಟ್ಟ ಕಾಮೆಂಟ್ ಇಡುತ್ತದೆ. ಮೊದಲ ಬಾರಿ ಅದನ್ನು ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಯಂತ್ರಕ್ಕೆ ಆ ಕಾಮೆಂಟಿನಿಂದ ಏನೂ ಆಗಬೇಕಿಲ್ಲ. ಯಾವನೋ ಗುರುತಿಲ್ಲದ ಓದುಗನಿಗಾಗಿ ಒಬ್ಬರು ಕುಳಿತು ಆ ನಾಲ್ಕಕ್ಷರ ಸೇರಿಸಿದ್ದಾರೆ.

ಎಲ್ಮ್ ಭಾಷೆ ನೋಡಿ. ಸಾಮಾನ್ಯ ಬಿಲ್ಡ್‌ನಲ್ಲಿ 'ಜಸ್ಟ್' ಎಂಬ ಕನ್‌ಸ್ಟ್ರಕ್ಟರ್‌ನ ಗುರುತು 'ಜಸ್ಟ್' ಎಂಬ ಅಕ್ಷರಗಳಲ್ಲೇ ಉಳಿಯುತ್ತದೆ. ಆಪ್ಟಿಮೈಸ್ ಎಂದು ಕೇಳಿದಾಗ ಮಾತ್ರ ಅದು ಬರೀ ಅಂಕಿಯಾಗುತ್ತದೆ. ಮೌಲ್ಯವನ್ನು ಕನ್ಸೋಲ್‌ನಲ್ಲಿ ಮುದ್ರಿಸಿದ ಕೂಡಲೇ ಅದೇನೆಂದು ತಿಳಿಯಬೇಕೆಂಬ ಕಾಳಜಿ ಇದು. ಓಕ್ಯಾಮಲ್ ಭಾಷೆಯಿಂದ ಜಾವಾಸ್ಕ್ರಿಪ್ಟ್ ತಯಾರಿಸುವ ಬಕಲ್‌ಸ್ಕ್ರಿಪ್ಟ್‌ನವರು ಮೊದಲು ರೆಕಾರ್ಡ್‌ಗಳನ್ನು ಬರೀ ಅರೇ ಆಗಿ ಹೊರಡಿಸುತ್ತಿದ್ದರು. ಏಳನೇ ಆವೃತ್ತಿಯಿಂದ ಹೆಸರುಳ್ಳ ಆಬ್ಜೆಕ್ಟ್ ಆಗಿ ಬದಲಿಸಿದರು. ಸೊನ್ನೆಯನೆಯದು, ಒಂದನೆಯದು ಎಂದು ಎಣಿಸುತ್ತಾ ಕೂರುವ ಕಾಟ ಅಲ್ಲಿಗೆ ತಪ್ಪಿತು. 2024ರಲ್ಲಿ, ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ತನ್ನ 22.6ನೇ ಆವೃತ್ತಿಯಲ್ಲಿ ಟೈಪ್‌ಸ್ಕ್ರಿಪ್ಟ್ ಫೈಲನ್ನು ನೇರವಾಗಿ ಓಡಿಸುವ ಪ್ರಾಯೋಗಿಕ ಸೌಲಭ್ಯ ತಂದಿತು. ಟೈಪ್‌ಗಳಿದ್ದ ಜಾಗದಲ್ಲಿ ಖಾಲಿ ಜಾಗ ತುಂಬುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಸಾಲೂ ಕಾಲಂ ಕೂಡ ಇದ್ದಲ್ಲೇ ಇರುತ್ತವೆ. ಅಲ್ಲಿ ಸೋರ್ಸ್ ಮ್ಯಾಪ್‌ನ ಅಗತ್ಯವೇ ಬೀಳುವುದಿಲ್ಲ!

"ಆದರೆ ಫೈಲ್ ದೊಡ್ಡದಾಗುತ್ತದೆ, ನಿಧಾನವಾಗುತ್ತದೆ" ಎಂದು ಒಬ್ಬರು ಇವತ್ತೂ ಹೇಳಿದರು. ಕುಗ್ಗಿಸುವುದು ಬೇರೆಯೇ ಹಂತ. ಅದಕ್ಕೆ ಟರ್ಸರ್, ಇಎಸ್‌ಬಿಲ್ಡ್‌ನಂತಹ ಉಪಕರಣಗಳಿವೆ, ಅವು ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತವೆ. ಗೂಗಲ್‌ನ ಜಿಡಬ್ಲ್ಯುಟಿ 2006ರಲ್ಲೇ ಹೊರಬಂದದ್ದು; ಜಾವಾದಿಂದ ಜಾವಾಸ್ಕ್ರಿಪ್ಟ್ ತಯಾರಿಸುವ ಅದರಲ್ಲಿ ಕುಗ್ಗಿಸಿದ್ದು, ಓದುವಂಥದ್ದು, ಪೂರ್ಣ ವಿವರದ್ದು ಎಂಬ ಮೂರು ಶೈಲಿಗಳಿಂದ ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ಬಳಕೆದಾರರಿಗೆ ಹೋಗುವುದು ಚಿಕ್ಕದಾಗಿರಲಿ, ನಾವು ಮೇಜಿನ ಮೇಲೆ ಬಿಚ್ಚಿಟ್ಟು ನೋಡುವುದು ಓದುವಂತಿರಲಿ. ಇದರಲ್ಲಿ ಜಗಳವಾಡುವಂಥದ್ದು ಏನೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೊಟ್ಟಮೊದಲು ಹೆಸರುಗಳು. ಮೂಲದಲ್ಲಿ 'ಟೋಟಲ್' ಎಂದಿದ್ದರೆ ಹೊರಗೂ 'ಟೋಟಲ್' ಎಂದೇ ಬರಲಿ. ಒಂದೇ ವ್ಯಾಪ್ತಿಯಲ್ಲಿ ಇನ್ನೊಂದರೊಡನೆ ಡಿಕ್ಕಿಯಾದರೆ ಮಾತ್ರ ಕೊನೆಗೆ ಒಂದು ಅಂಕಿ ಅಂಟಿಸಿ. ತಾತ್ಕಾಲಿಕ ವೇರಿಯಬಲ್ ಬೇಕಾಗುವುದು ಒಂದೇ ಅಭಿವ್ಯಕ್ತಿಯನ್ನು ಎರಡು ಸಲ ಲೆಕ್ಕ ಹಾಕಬಾರದೆಂದಾಗ, ಅಥವಾ ಲೆಕ್ಕದ ಕ್ರಮ ಕೆಡಬಾರದೆಂದಾಗ. ನಮ್ಮ ಕಂಪೈಲರ್ ಪ್ರತಿ ಉಪ-ಅಭಿವ್ಯಕ್ತಿಗೂ ಒಂದನ್ನು ಹುಟ್ಟಿಸುತ್ತದೆ, ಏಕೆಂದರೆ ಅದನ್ನು ಬರೆಯುವುದು ಸುಲಭವಿತ್ತು. ಹುಟ್ಟಿಸಲೇಬೇಕಾದಲ್ಲಿ ಅದು ಎಲ್ಲಿಂದ ಬಂತು ಎಂಬುದನ್ನು ಹೆಸರಿನಲ್ಲೇ ಸೂಚಿಸಲಿ. ಡಿಸ್ಕೌಂಟ್ ಪರೀಕ್ಷೆಯಿಂದ ಬಂದದ್ದು 'ಡಿಸ್ಕೌಂಟ್' ಎಂಬ ಪದವನ್ನು ಹೊತ್ತಿರಲಿ. ಆವರಣ ಚಿಹ್ನೆಗಳನ್ನು ಕಣ್ಣು ಮುಚ್ಚಿ ಎಲ್ಲೆಡೆ ಹಾಕುವ ಬದಲು ಆಪರೇಟರ್‌ಗಳ ಆದ್ಯತೆ ನೋಡಿ ಬೇಕಾದಲ್ಲಿ ಮಾತ್ರ ಹಾಕಲಿ. ಒಂದು ಸಾಲಿಗೆ ಒಂದೇ ಸ್ಟೇಟ್‌ಮೆಂಟ್ ಇರಲಿ. ಬ್ರೇಕ್‌ಪಾಯಿಂಟ್‌ಗೂ ಸ್ಟ್ಯಾಕ್ ಟ್ರೇಸ್‌ಗೂ ಜೀವ ಬರುವುದೇ ಅದರಿಂದ. ಲೂಪ್ ಲೂಪ್ ಆಗಿಯೇ, ಕ್ಲಾಸ್ ಕ್ಲಾಸ್ ಆಗಿಯೇ ಇರಲಿ. ಫಂಕ್ಷನ್‌ಗಳಿಗೆ ಹೆಸರಿಡಿ, ಮೂಲದಲ್ಲಿದ್ದ ಕ್ರಮದಲ್ಲೇ ಇಡಿ, ಕಾಮೆಂಟ್‌ಗಳನ್ನು ಎಸೆಯಬೇಡಿ.

ಇವುಗಳಲ್ಲಿ ಒಂದಕ್ಕೂ ಸಂಶೋಧನೆ ಬೇಕಿಲ್ಲ. ಹಿಂದಿನವರು ಎಲ್ಲವನ್ನೂ ಮಾಡಿದ್ದಾರೆ. ಬೇಕಿರುವುದು ಸಮಯ ಮತ್ತು ಓದುಗನ ಬಗ್ಗೆ ಕಿಂಚಿತ್ತು ಗೌರವ.

ನಿಮಗೆ ಹೇಳಿರದ ಒಂದು ಮಾತು: ಕಂಪೈಲರ್‌ಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಔಟ್‌ಪುಟ್ ಓದುವುದರಿಂದ. ಎಡಗಡೆ ಮೂಲ, ಬಲಗಡೆ ಹೊರಬಂದ ಕೋಡು ಇಟ್ಟುಕೊಂಡು ರಾತ್ರಿ ಕೂರುತ್ತಿದ್ದೆ. ಕ್ಲೋಷರ್ ಎಂದರೇನು, ಲೂಪಿನೊಳಗಿನ ವೇರಿಯಬಲ್ ಯಾಕೆ ಕೈಕೊಡುತ್ತದೆ ಎಂಬುದು ನನಗೆ ತಿಳಿದದ್ದು ಯಾವ ಪಾಠದಿಂದಲೂ ಅಲ್ಲ, ಆ ಬಲಗಡೆಯ ಕೋಡಿನಿಂದ. ಓದಲು ಬರುವ ಔಟ್‌ಪುಟ್ ಭಾಷೆಯನ್ನೇ ಕಲಿಸುತ್ತದೆ. ಆ ಹುಡುಗಿಗೆ ಅದನ್ನು ಕಲಿಯುವ ಬಾಗಿಲನ್ನು ನಾವು ಮುಚ್ಚಿದ್ದೇವೆ ಎಂಬುದೇ ನನ್ನ ಸಂಕಟ.

ಇನ್ನೊಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ನಮ್ಮ ಪರೀಕ್ಷೆಗಳಲ್ಲಿ ಬಹುಪಾಲು ಔಟ್‌ಪುಟ್‌ನ ಹಳೆಯ ಪ್ರತಿಯನ್ನು ಹೊಸದರೊಡನೆ ಹೋಲಿಸಿ ನೋಡುವಂಥವು. ನಡುವೆ ಎಲ್ಲೋ ಒಂದು ತಾತ್ಕಾಲಿಕ ವೇರಿಯಬಲ್ ಹೆಚ್ಚಾದರೆ ಅದರ ಕೆಳಗಿನ ಎಲ್ಲ ಅಂಕಿಗಳೂ ಒಂದೊಂದು ಮುಂದಕ್ಕೆ ಹೋಗುತ್ತವೆ, ಫೈಲ್ ಪೂರ್ತಿ ಬದಲಾಗಿದೆ ಎಂದು ತೋರುತ್ತದೆ. ವಿಮರ್ಶೆ ಮಾಡುವವರು ನೋಡಿಯೂ ನೋಡದೆ ಒಪ್ಪಿಗೆ ಕೊಡುತ್ತಾರೆ, ನಿಜವಾದ ತಪ್ಪು ಅದರ ನಡುವೆ ನುಸುಳಿಬಿಡುತ್ತದೆ. ಹೆಸರುಗಳು ಮೂಲದಿಂದ ಬಂದಿದ್ದರೆ ಬದಲಾದ ಎರಡು ಸಾಲು ಮಾತ್ರ ಎದ್ದು ಕಾಣುತ್ತವೆ. ಅಂದರೆ ಇದು ಬಳಕೆದಾರರಿಗೆ ಮಾಡುವ ಉಪಕಾರವೂ ಅಲ್ಲ, ನಮ್ಮದೇ ಕೆಲಸದ ಮೇಲಿನ ಹಿಡಿತ.

ನಾಳೆ ಆ ಮನವಿಯನ್ನು ನಾನೇ ಮತ್ತೆ ತೆರೆಸುತ್ತೇನೆ. ಹೆಸರುಗಳ ಕೆಲಸದಿಂದಲೇ ಶುರು ಮಾಡುವುದು ಎಂದುಕೊಂಡಿದ್ದೇನೆ. ನಿಮ್ಮಲ್ಲಿ ಕೋಡ್ ಹೊರಡಿಸುವ ಉಪಕರಣ ಬರೆದವರು ಹಲವರಿದ್ದೀರಿ. ಪ್ಯಾಟರ್ನ್ ಮ್ಯಾಚಿಂಗ್ ಅನ್ನು (ಮೌಲ್ಯದ ರೂಪ ನೋಡಿ ದಾರಿ ಆರಿಸುವುದನ್ನು) ಓದುವಂತೆ ಇಳಿಸುವುದು ಹೇಗೆ ಎಂಬುದು ನನ್ನನ್ನು ಇನ್ನೂ ಕಾಡುತ್ತಿದೆ: ಇಫ್‌ಗಳ ಸರಪಳಿಯೋ, ಸ್ವಿಚ್ಚೋ? ಒಳಗೊಳಗೆ ಗೂಡು ಕಟ್ಟಿದ ಮಾದರಿಗಳಲ್ಲಿ ಎರಡೂ ಗೋಜಲಾಗುತ್ತವೆ. ನೀವು ಬಿಡಿಸಿದ ಉದಾಹರಣೆ ಇದ್ದರೆ ಕಾಮೆಂಟಿನಲ್ಲಿ ಹಾಕಿ, ಮೂಲ ಮತ್ತು ಔಟ್‌ಪುಟ್ ಎರಡನ್ನೂ.