ನಾಣ್ಯದ ಅಂಚು

ನಾಣ್ಯ ಕೈಗೆ ಬಂದರೆ ನಾವು ನೋಡುವುದು ಎರಡೇ ಕಡೆ. ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಬೆಲೆ. ಅಂಚನ್ನು ಯಾರೂ ಮಾತಾಡಿಸುವುದಿಲ್ಲ. ಕಾವಲು ಕಾಯುವುದು ಮಾತ್ರ ಅದೇ, ಪಾಪ.

ಬ್ರಿಟನ್ನಿನ ನಾಣ್ಯಗಳು ಈಗ ಹುಟ್ಟುವುದು ಲಂಡನ್ನಿನಲ್ಲಲ್ಲ, ವೇಲ್ಸ್‌ನ ಲಾಂಟ್ರಿಸೆಂಟ್‌ನಲ್ಲಿ. ಟಂಕಸಾಲೆಗೆ ವೆಲ್ಷ್‌ನಲ್ಲಿ ‘ಬಾತ್‌ಡಿ’ ಅನ್ನುತ್ತಾರೆ. ವಾಂಗಿಬಾತಿಗೂ ಅದಕ್ಕೂ ನಂಟಿಲ್ಲ, ನಾಣ್ಯದ ಮನೆ ಅಂತ ಅಷ್ಟೇ. 1971ರಲ್ಲಿ ಒಂದು ಪೌಂಡಿಗೆ ನೂರು ಪೆನ್ನಿ ಎಂಬ ಲೆಕ್ಕ ಶುರುವಾಗುವುದಿತ್ತು. ಅಷ್ಟು ಹೊಸ ಚಿಲ್ಲರೆ ಒತ್ತಲು ಲಂಡನ್ನಿನಲ್ಲಿ ಜಾಗ ಸಾಲದೆ, 1968ರಲ್ಲಿ ರಾಣಿ ಇಲ್ಲಿ ಬಂದು ಹೊಸ ಟಂಕಸಾಲೆ ಉದ್ಘಾಟಿಸಿದರು. ಊರು ಗೊತ್ತುಮಾಡಿದಾಗ ಹಣಕಾಸು ಮಂತ್ರಿಯಾಗಿದ್ದವರು ಜೇಮ್ಸ್ ಕ್ಯಾಲಹನ್. ಅವರು ಆರಿಸಿ ಬಂದದ್ದು ಪಕ್ಕದ ಕಾರ್ಡಿಫ್‌ನಿಂದ. ಮಂತ್ರಿಗಳು ಎಲ್ಲ ಕಡೆ ಒಂದೇ, ಅಲ್ವಾ? ಇಂಗ್ಲಿಷಿನಲ್ಲಿ ಪೆಪ್ಪರ್‌ಮಿಂಟೂ ಮಿಂಟೇ, ಟಂಕಸಾಲೆಯೂ ಮಿಂಟೇ. ಹಾಗಾಗಿ ಊರಿಗೆ ಒಂದು ಜೋಕೂ ಅಂಟಿಕೊಂಡಿತು: ಪೋಲೋ ಪೆಪ್ಪರ್‌ಮಿಂಟ್ ಅಂದರೆ ತೂತಿರುವ ಮಿಂಟ್, ಲಾಂಟ್ರಿಸೆಂಟ್ ಅಂದರೆ ಮಿಂಟ್ ಇರುವ ತೂತು.

ಅಂಚಿನ ಮಾತಿಗೆ ಬರೋಣ. ಬೆಳ್ಳಿ ನಾಣ್ಯದ ಕಾಲದಲ್ಲಿ ಜನ ಅಂಚನ್ನು ಸುಮ್ನೆ ಒಂಚೂರು ಕತ್ತರಿಸಿಕೊಂಡು, ಉಳಿದದ್ದನ್ನು ಪೂರ್ತಿ ಬೆಲೆಗೇ ದಾಟಿಸುತ್ತಿದ್ದರು. ಚೂರುಗಳನ್ನು ಕೂಡಿಟ್ಟು ಕರಗಿಸಿದರೆ ಬೆಳ್ಳಿ ಗಟ್ಟಿ. ಇದನ್ನು ತಡೆಯಲು 1660ರ ದಶಕದಲ್ಲಿ ಬ್ಲಾಂಡೋ ಎಂಬ ಫ್ರೆಂಚ್ ಕುಶಲಿಗ ಇಂಗ್ಲೆಂಡಿನ ನಾಣ್ಯಗಳ ಅಂಚಿಗೆ ಗೀರು, ಅಕ್ಷರ ಹಾಕುವ ಯಂತ್ರ ತಂದ. ಯಂತ್ರ ಹೇಗಿದೆ ಅಂತ ಯಾರಿಗೂ ತೋರಿಸುತ್ತಿರಲಿಲ್ಲ. ದೊಡ್ಡ ನಾಣ್ಯಗಳ ಅಂಚಿನಲ್ಲಿ ಲ್ಯಾಟಿನ್‌ನಲ್ಲಿ ‘ಅಲಂಕಾರ ಮತ್ತು ಕಾವಲು’ ಅಂತ ಬರೆದಿರುತ್ತಿತ್ತು. ಕತ್ತರಿ ಆಡಿಸಿದರೆ ಅಕ್ಷರವೇ ಚಾಡಿ ಹೇಳಿಬಿಡುತ್ತಿತ್ತು.

1983ರಲ್ಲಿ ದುಂಡನೆಯ ಪೌಂಡ್ ನಾಣ್ಯ ಬಂದಾಗ ಅದೇ ಲ್ಯಾಟಿನ್ ಮಾತು ಮತ್ತೆ ಅಂಚಿಗೆ ಹತ್ತಿತು. ಆದರೆ 1985ರ ಪೌಂಡ್ ತಿರುಗಿಸಿ ನೋಡಿ. ಹಿಂಬದಿಯಲ್ಲಿ ವೇಲ್ಸ್‌ನ ಗುರುತಾದ ಲೀಕ್, ಈರುಳ್ಳಿಯ ಜಾತಿಯದೇ ಒಂದು ತರಕಾರಿ. ಮೂರು ಮಿಲಿಮೀಟರು ದಪ್ಪದ ಅಂಚಿನಲ್ಲಿ ಅಲ್ಲಿನ ನಾಡಗೀತೆಯ ಸಾಲು, ವೆಲ್ಷ್‌ನಲ್ಲೇ: ‘ನನ್ನ ನಾಡಿಗೆ ನಾನು ನಿಷ್ಠ.’ ಲಂಡನ್ನಿನ ಅಂಗಡಿಯವನೂ ಗೊತ್ತಿಲ್ಲದೆಯೇ ಆ ಆಣೆಯನ್ನು ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದ. ನನಗಂತೂ ಇದು ಬಲು ಇಷ್ಟ.

ಖೋಟಾ ನಾಣ್ಯದವರು ಈ ಕಾವಲನ್ನೂ ದಾಟಿದರು. 2017ರ ಹೊತ್ತಿಗೆ ದುಂಡು ಪೌಂಡುಗಳಲ್ಲಿ ಸುಮಾರು ಮೂವತ್ತಕ್ಕೆ ಒಂದು ನಕಲಿ ಎಂಬ ಲೆಕ್ಕವಿತ್ತು. ಆ ವರ್ಷ ಹನ್ನೆರಡು ಮೂಲೆಯ ಪೌಂಡ್ ಬಂತು. ಒಂದು ಮಗ್ಗುಲು ಬಿಟ್ಟು ಒಂದಕ್ಕೆ ಗೀರು. ಎರಡು ಬಣ್ಣದ ಲೋಹ, ಕಣ್ಣಿಗೆ ಚೆಂದವೇ. ಅಕ್ಷರಕ್ಕೆ ಮಾತ್ರ ಅಂಚಿನಲ್ಲಿ ಜಾಗ ಕೊಟ್ಟಿಲ್ಲ, ವೆಲ್ಷ್‌ಗೂ ಇಲ್ಲ, ಲ್ಯಾಟಿನ್‌ಗೂ ಇಲ್ಲ.