ಇಂಟೆಲ್‌ಸ್ಯಾಟ್‌ನ ಒಡೆಯರು, ಇಂಟೆಲ್‌ಸ್ಯಾಟ್‌ನ ಸಾಲ

2020ರ ಫೆಬ್ರುವರಿ 25ರಂದು, ಇಂಧನ ಮುಗಿಯುತ್ತಾ ಬಂದಿದ್ದ ಇಂಟೆಲ್‌ಸ್ಯಾಟ್ 901 ಎಂಬ ಸಂವಹನ ಉಪಗ್ರಹಕ್ಕೆ ಎಂಇವಿ-1 ಎಂಬ ನೌಕೆ ಬಾಹ್ಯಾಕಾಶದಲ್ಲೇ ಬಂದು ಜೋಡಿಕೊಂಡಿತು. ಹಳೆಯ ಉಪಗ್ರಹದ ಎಂಜಿನ್ನಿನ ನಳಿಕೆಯೊಳಗೆ ತನ್ನ ಕೊಂಡಿಯನ್ನು ತೂರಿಸಿ, ಬಿಗಿಯಾಗಿ ಹಿಡಿದು, ಅದನ್ನು ತಿರುಗಿಸುವ, ನೆಲೆಯಲ್ಲಿ ನಿಲ್ಲಿಸುವ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡಿತು. ಎರಡು ವಾಣಿಜ್ಯ ಉಪಗ್ರಹಗಳು ಹೀಗೆ ಕೂಡಿದ್ದು ಅದೇ ಮೊದಲು. ಏಪ್ರಿಲ್ ಹೊತ್ತಿಗೆ 901 ಮತ್ತೆ ಸೇವೆಗೆ ಮರಳಿತು. ಆದರೆ ಮೇ 13ರಂದು ಅದರ ಒಡೆಯನಾದ ಇಂಟೆಲ್‌ಸ್ಯಾಟ್ ಕಂಪನಿ ದಿವಾಳಿ ರಕ್ಷಣೆ ಕೋರಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತು.

ಸಾಯುವ ಉಪಗ್ರಹಕ್ಕೆ ಮರುಜೀವ ಕೊಡಿಸಬಲ್ಲ ಕಂಪನಿಯೊಂದು ತಾನೇ ಉಳಿಯಲಾರದೆ ಹೋದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಕಕ್ಷೆಯತ್ತ ನೋಡಬೇಕಿಲ್ಲ, ಅದರ ಒಡೆತನದ ಚರಿತ್ರೆಯತ್ತ ನೋಡಿದರೆ ಸಾಕು.

ಇಂಟೆಲ್‌ಸ್ಯಾಟ್ ಹುಟ್ಟಿದ್ದು 1964ರ ಆಗಸ್ಟ್ 20ರಂದು, ಸರ್ಕಾರಗಳ ನಡುವಿನ ಒಪ್ಪಂದವಾಗಿ. ಮರುವರ್ಷ ಏಪ್ರಿಲ್‌ನಲ್ಲಿ ಹಾರಿದ ಅದರ ಮೊದಲ ಉಪಗ್ರಹ 'ಅರ್ಲಿ ಬರ್ಡ್' 240 ದೂರವಾಣಿ ಸಂಪರ್ಕಗಳನ್ನೋ, ಒಂದು ದೂರದರ್ಶನ ವಾಹಿನಿಯನ್ನೋ ಅಟ್ಲಾಂಟಿಕ್ ದಾಟಿಸಬಲ್ಲದಾಗಿತ್ತು. 1969ರ ಜುಲೈ ಆರಂಭದಲ್ಲಿ ಹಿಂದೂ ಮಹಾಸಾಗರದ ಮೇಲೂ ಸೇವೆ ಶುರುವಾಗಿ ಜಗತ್ತಿನ ಸುತ್ತಲಿನ ಸಂಪರ್ಕ ಪೂರ್ಣಗೊಂಡಿತು, ಅದೇ ತಿಂಗಳು ಚಂದ್ರನ ಮೇಲೆ ಮನುಷ್ಯ ಇಳಿದದ್ದನ್ನು ಖಂಡಾಂತರದ ಜನ ನೇರವಾಗಿ ಕಂಡರು. ಯಾವ ದೇಶ ಎಷ್ಟು ಬಳಸುತ್ತದೋ ಅಷ್ಟು ಪಾಲು ಬಂಡವಾಳ ಹೂಡಬೇಕು ಎಂಬುದು ಅಲ್ಲಿನ ನಿಯಮವಾಗಿತ್ತು. ಆದ್ದರಿಂದ ಬಳಸುವವರೇ ಒಡೆಯರಾಗಿದ್ದರು. ಭಾರತದ ಪರವಾಗಿ ಪಾಲುದಾರನಾಗಿದ್ದದ್ದು ವಿದೇಶ ಸಂಚಾರ ನಿಗಮ, ನಮ್ಮ ಮೊದಲ ವಾಣಿಜ್ಯ ಉಪಗ್ರಹ ಭೂಕೇಂದ್ರ ಪುಣೆಯ ಬಳಿಯ ಆರ್ವಿಯಲ್ಲಿ ತಲೆಯೆತ್ತಿದ್ದೂ ಈ ಜಾಲಕ್ಕಾಗಿಯೇ.

ಆ ವ್ಯವಸ್ಥೆ ಹಾಗೆಯೇ ಉಳಿಯಬೇಕಿತ್ತು ಎಂದು ನಾನು ವಾದಿಸುವುದಿಲ್ಲ. ನೂರಕ್ಕೂ ಹೆಚ್ಚು ದೇಶಗಳ ಒಪ್ಪಿಗೆಯ ಮೇಲೆ ನಡೆಯುವ ಸಂಸ್ಥೆ ಚುರುಕಾಗಿರಲು ಸಾಧ್ಯವಿರಲಿಲ್ಲ. 1988ರಲ್ಲಿ ಪ್ಯಾನ್‌ಆಮ್‌ಸ್ಯಾಟ್ ಎಂಬ ಖಾಸಗಿ ಕಂಪನಿ ತನ್ನದೇ ಉಪಗ್ರಹವನ್ನು ಹಾರಿಸಿ ಏಕಸ್ವಾಮ್ಯಕ್ಕೆ ಸವಾಲು ಹಾಕಿದ ಮೇಲೆ, ಹಳೆಯ ಏರ್ಪಾಡಿನ ದಿನಗಳು ಮುಗಿಯುತ್ತಿದ್ದವು. 2001ರ ಜುಲೈ 18ರಂದು ಇಂಟೆಲ್‌ಸ್ಯಾಟ್ ಖಾಸಗಿ ಕಂಪನಿಯಾಯಿತು, ಮೇಲೆ ಹೇಳಿದ 901 ಹಾರಿದ್ದು ಅದಕ್ಕೆ ಒಂದು ತಿಂಗಳು ಮೊದಲು. ಬಡ ಮತ್ತು ದೂರದ ದೇಶಗಳ ಸಂಪರ್ಕ ಕಡಿದುಹೋಗದಂತೆ ಕಣ್ಣಿಡಲು ಸರ್ಕಾರಗಳು ಐಟಿಎಸ್‌ಒ ಎಂಬ ಚಿಕ್ಕ ಸಂಸ್ಥೆಯೊಂದನ್ನು ಉಳಿಸಿಕೊಂಡವು. ಸೇವೆ ನಿಲ್ಲಬಾರದು ಎಂದು ಬರೆಯಿಸಿಕೊಂಡವರು, ಈ ಆಸ್ತಿಯ ಮೇಲೆ ಮುಂದಿನ ಒಡೆಯರು ಎಷ್ಟು ಸಾಲ ಎತ್ತಬಹುದು ಎಂಬುದಕ್ಕೆ ಮಾತ್ರ ಕಟ್ಟುಪಾಡು ಹಾಕಲಿಲ್ಲ. ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು ಅಲ್ಲಿದೆ.

ಭೂಸ್ಥಿರ ಉಪಗ್ರಹದ, ಅಂದರೆ ಭೂಮಿಯೊಂದಿಗೇ ಸುತ್ತುತ್ತ ಆಗಸದ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹದ, ವ್ಯವಹಾರವನ್ನು ಹತ್ತಿರದಿಂದ ನೋಡಿದರೆ ಮುಂದೆ ಆದದ್ದು ಏಕಾಯಿತೆಂದು ತಿಳಿಯುತ್ತದೆ. ಉಪಗ್ರಹವನ್ನು ಕಟ್ಟಿ ಹಾರಿಸುವಾಗ ಹಣವೆಲ್ಲ ಮೊದಲೇ ಸುರಿಯಬೇಕು. ಒಮ್ಮೆ ಅದು ತನ್ನ ನೆಲೆ ಸೇರಿದರೆ ಹದಿನೈದು ವರ್ಷಗಳವರೆಗೆ ಟ್ರಾನ್ಸ್‌ಪಾಂಡರ್‌ಗಳ (ಸಂಕೇತಗಳನ್ನು ಪಡೆದು ಮರಳಿ ಕಳಿಸುವ ಉಪಕರಣಗಳ) ಬಾಡಿಗೆ ಬರುತ್ತಲೇ ಇರುತ್ತದೆ, ಗ್ರಾಹಕರು ಬಹುವರ್ಷದ ಕರಾರು ಮಾಡಿಕೊಂಡಿರುತ್ತಾರೆ, ನಡೆಸುವ ಖರ್ಚು ಕಡಿಮೆ. ಇಂಥ ನಿಶ್ಚಿತ ಆದಾಯ ಕಂಡರೆ ಸಾಲ ಕೊಡುವವರು ತಾವಾಗಿಯೇ ಮುಂದೆ ಬರುತ್ತಾರೆ. ಇಂಟೆಲ್‌ಸ್ಯಾಟ್‌ನ ಈ ಗಟ್ಟಿತನವೇ ಅದರ ಕೊರಳಿಗೆ ಉರುಳಾಯಿತು.

2005ರ ಜನವರಿಯಲ್ಲಿ ಏಪಾಕ್ಸ್, ಅಪೊಲೊ, ಮ್ಯಾಡಿಸನ್ ಡಿಯರ್‌ಬಾರ್ನ್, ಪರ್ಮೀರಾ ಎಂಬ ನಾಲ್ಕು ಹೂಡಿಕೆ ಸಂಸ್ಥೆಗಳು ಸೇರಿ ಅದನ್ನು ಸುಮಾರು 300 ಕೋಟಿ ಡಾಲರಿಗೆ ಕೊಂಡವು. ಕೊಳ್ಳಲು ಬಳಸಿದ ಹಣದಲ್ಲಿ ಬಹುಪಾಲು ಸಾಲ, ಮತ್ತು ಆ ಸಾಲ ಕೂತದ್ದು ಕೊಂಡವರ ತಲೆಯ ಮೇಲಲ್ಲ, ಇಂಟೆಲ್‌ಸ್ಯಾಟ್‌ನ ತಲೆಯ ಮೇಲೆ. ಅದೇ ವರ್ಷ ಕಂಪನಿಯ ಮೇಲೆ ಇನ್ನಷ್ಟು ಸಾಲ ಎತ್ತಿ ಹೊಸ ಒಡೆಯರು ತಮಗೆ ತಾವೇ ಲಾಭಾಂಶ ಕೊಟ್ಟುಕೊಂಡರು. ಲಾಭಾಂಶವೆಂದರೆ ಗಳಿಸಿದ್ದರಲ್ಲಿ ಉಳಿದದ್ದನ್ನು ಹಂಚುವುದು ಎಂದು ತಿಳಿದಿರುವ ನನ್ನಂಥವರಿಗೆ ಇದು ಕಾನೂನಿನ ಕಣ್ಣಿಗೆ ಸರಿಯಿದ್ದರೂ ಒಪ್ಪುವ ಮಾತಲ್ಲ. 2006ರಲ್ಲಿ ಹಳೆಯ ಸ್ಪರ್ಧಿ ಪ್ಯಾನ್‌ಆಮ್‌ಸ್ಯಾಟನ್ನೇ ಸುಮಾರು 320 ಕೋಟಿ ಡಾಲರಿಗೆ ಖರೀದಿಸಲಾಯಿತು, ಅದಕ್ಕೂ ಸಾಲವೇ. 2008ರಲ್ಲಿ ಬಿಸಿ ಪಾರ್ಟ್‌ನರ್ಸ್ ನೇತೃತ್ವದ ಮತ್ತೊಂದು ಗುಂಪು ಬಹುಪಾಲನ್ನು ಕೊಂಡಿತು, ಮತ್ತೆ ಸಾಲ ಏರಿತು. 2012ರ ಹೊತ್ತಿಗೆ ವರ್ಷಕ್ಕೆ ಸುಮಾರು 260 ಕೋಟಿ ಡಾಲರ್ ವರಮಾನವಿದ್ದ ಕಂಪನಿ ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಬಡ್ಡಿಗೇ ಕಟ್ಟುತ್ತಿತ್ತು. ಆ ಹಣದಲ್ಲಿ ಪ್ರತಿ ವರ್ಷವೂ ಹೊಸ ಉಪಗ್ರಹಗಳನ್ನು ಕಟ್ಟಬಹುದಿತ್ತು ಎಂದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಸಾಲವಿಲ್ಲದ ಕಂಪನಿಗೆ ಕೆಟ್ಟ ಕಾಲ ಬಂದರೆ ಅದು ತಡೆದುಕೊಳ್ಳುತ್ತದೆ. ಇಲ್ಲಿ ಆ ಅವಕಾಶವೇ ಉಳಿದಿರಲಿಲ್ಲ. ಉಪಗ್ರಹ ಬಾಡಿಗೆಯ ದರಗಳು ಕುಸಿದವು, ಟಿವಿ ನೋಡುಗರು ಅಂತರ್ಜಾಲದತ್ತ ಹೊರಳಿದರು, ಹಾರಿ ಮೂರೇ ವರ್ಷವಾಗಿದ್ದ 29ಇ ಉಪಗ್ರಹ 2019ರ ಏಪ್ರಿಲ್‌ನಲ್ಲಿ ಕೈತಪ್ಪಿತು. 2020ರಲ್ಲಿ ದಿವಾಳಿ ಅರ್ಜಿ ಸಲ್ಲಿಸುವಾಗ ಸಾಲ 1,500 ಕೋಟಿ ಡಾಲರಿಗೆ ಹತ್ತಿರವಿತ್ತು. 2022ರ ಫೆಬ್ರುವರಿಯಲ್ಲಿ ಅದನ್ನು ಸುಮಾರು 700 ಕೋಟಿಗೆ ಇಳಿಸಿಕೊಂಡು ಕಂಪನಿ ಹೊರಬಂದಾಗ, ಸಾಲ ಕೊಟ್ಟವರೇ ಅದರ ಒಡೆಯರಾಗಿದ್ದರು.

ಈಗ ಲಕ್ಸೆಂಬರ್ಗಿನ ಎಸ್‌ಇಎಸ್ ಇಂಟೆಲ್‌ಸ್ಯಾಟನ್ನು ಸುಮಾರು 310 ಕೋಟಿ ಡಾಲರಿಗೆ ಕೊಂಡಿದೆ, ವ್ಯವಹಾರ 2025ರ ಜುಲೈ 17ರಂದು ಪೂರ್ಣವಾಯಿತು. ಖಾಸಗೀಕರಣಕ್ಕೆ ಮುನ್ನ, 1998ರಲ್ಲಿ, ಇಂಟೆಲ್‌ಸ್ಯಾಟ್‌ನಿಂದ ಬೇರ್ಪಡಿಸಿದ್ದ ನ್ಯೂ ಸ್ಕೈಸ್ ಎಂಬ ಕಂಪನಿಯೂ 2006ರಲ್ಲೇ ಇದೇ ಎಸ್‌ಇಎಸ್ ಪಾಲಾಗಿತ್ತು. 1985ರಲ್ಲಿ ಸ್ಥಾಪನೆಯಾದ ಎಸ್‌ಇಎಸ್ ಷೇರುಪೇಟೆಯಲ್ಲಿರುವ ಕಂಪನಿಯೇ ಆದರೂ ಮೂರನೇ ಒಂದು ಭಾಗದಷ್ಟು ಮತಾಧಿಕಾರ ಲಕ್ಸೆಂಬರ್ಗ್ ಸರ್ಕಾರ ಮತ್ತು ಅದರ ಬ್ಯಾಂಕುಗಳ ಕೈಯಲ್ಲಿದೆ. ಅಲ್ಲಿ ಸಾಲವಿಲ್ಲವೆಂದಲ್ಲ, ಈ ಖರೀದಿಗೂ ಸಾಲ ಮಾಡಿದ್ದಾರೆ. ಆದರೆ ನಾಲ್ಕೈದು ವರ್ಷದಲ್ಲಿ ಮಾರಿ ಹೊರನಡೆಯುವ ಆತುರವಿಲ್ಲದ ಒಬ್ಬ ಪಾಲುದಾರ ಮೇಜಿನ ಒಂದು ಬದಿಯಲ್ಲಿ ಕೂತಿರುವುದು, ಹದಿನೈದು ವರ್ಷ ಬಾಳುವ ಯಂತ್ರಗಳ ವ್ಯವಹಾರಕ್ಕೆ ಸಣ್ಣ ಅನುಕೂಲವೇನಲ್ಲ.

ಉಪಗ್ರಹದ ನೆಲೆ ಮತ್ತು ತರಂಗಾಂತರ ಯಾವ ಕಂಪನಿಯೂ ತಯಾರಿಸಿದ ವಸ್ತುಗಳಲ್ಲ, ದೇಶಗಳ ಹೆಸರಿನಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ದಾಖಲಾಗುವ ಹಕ್ಕುಗಳು. ಅವುಗಳನ್ನು ಬಳಸಲು ಪರವಾನಗಿ ಕೊಡುವ ಸರ್ಕಾರಗಳು ಷೇರು ಯಾರ ಕೈಗೆ ಹೋಗುತ್ತಿದೆ ಎಂಬುದನ್ನು ಈಗಲೂ ಪರಿಶೀಲಿಸುತ್ತವೆ. ಅದರ ಜೊತೆಗೆ, ಕೊಳ್ಳುವವರು ತಮ್ಮ ಖರೀದಿಯ ಸಾಲವನ್ನು ಕಂಪನಿಯ ಮೇಲೆ ಹೇರುವುದಕ್ಕೂ, ಸಾಲದ ಹಣದಿಂದ ಲಾಭಾಂಶ ಹಂಚಿಕೊಳ್ಳುವುದಕ್ಕೂ ಪರವಾನಗಿಯಲ್ಲೇ ಮಿತಿ ಬರೆಯಬೇಕು ಎಂಬುದು ನನ್ನ ಆಗ್ರಹ. ಮುಂದಿನ ಮಾರಾಟಕ್ಕೆ ಅರ್ಜಿ ಬಂದ ದಿನ ಬರೆಯಲು ಕೂತರೆ ತಡವಾಗಿರುತ್ತದೆ, ಪರವಾನಗಿ ನವೀಕರಣದ ಹೊತ್ತಿನಲ್ಲೇ ಆ ಷರತ್ತು ಸೇರಬೇಕು.