ಸ್ಟಾರ್ವ್ಡ್ ಆಗಿದೀರಾ ಡಾಕ್ಟ್ರೇ?

ಮೈಸೂರಲ್ಲಿ ಎಂಬಿಬಿಎಸ್ ಮುಗಿಸ್ಕೊಂಡು ಇಂಗ್ಲೆಂಡಿಗೆ ಹೋದವನು ನಾನು, 1962ರಲ್ಲಿ ಯಾರ್ಕ್‌ಷೈರಿನ ಸ್ವೇಲ್‌ಡೇಲ್ ಅನ್ನೋ ಕಣಿವೇಲಿ ಒಬ್ಬ ಹಿರಿಯ ಡಾಕ್ಟ್ರ ಹತ್ರ ಅಸಿಸ್ಟೆಂಟ್ ಆಗಿ ಸೇರ್ಕೊಂಡೆ. ಕ್ಲಿನಿಕ್ ಅಂದ್ರೆ ಅವ್ರ ಮನೆ ಮುಂದಿನ ರೂಮು, ರಿಸೆಪ್ಷನಿಸ್ಟ್ ಅಂದ್ರೆ ಅವ್ರ ಹೆಂಡ್ತಿ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತೋರೂ ಅವ್ರೇ. ನನ್ನ ಇಂಗ್ಲಿಷ್ ಬಗ್ಗೆ ನನಗೆ ಸ್ವಲ್ಪ ಕೊಬ್ಬಿತ್ತು, ಅದು ಮೊದಲನೇ ವಾರಾನೇ ಇಳೀತು. ಹೇಗಿದೀರಿ ಅಂತ ಕೇಳಿದ್ರೆ "ನಾಬಟ್ ಮಿಡ್ಲಿಂಗ್" ಅಂತಾರೆ, ಏನೋ ಅಷ್ಟಕ್ಕಷ್ಟೇ ಅಂತ, ನಾನು ಹಾಗಾದ್ರೆ ಪರವಾಗಿಲ್ಲ ಅನ್ಕೊಂಡು ಎದೆಗೆ ಸ್ಟೆತ್ ಇಟ್ರೆ ನ್ಯುಮೋನಿಯಾ!

ಆ ವರ್ಷ ಡಿಸೆಂಬರ್ 26ಕ್ಕೆ ಶುರುವಾದ ಹಿಮ ಮಾರ್ಚ್ ತನಕ ಕರಗ್ಲೇ ಇಲ್ಲ. ಜನವರೀಲಿ ಒಂದಿನ ಗುಡ್ಡದ ಮೇಲಿನ ತೋಟದ ಮನೆಯಿಂದ ಫೋನು, ಅಜ್ಜಿಗೆ ಹೊಟ್ಟೆನೋವು. ಮಾರಿಸ್ ಮೈನರ್ ಕಾರು ಅರ್ಧ ದಾರೀಲೇ ಹೂತ್ಕೊಳ್ತು, ಉಳಿದ ಒಂದು ಮೈಲಿ ಮೊಣಕಾಲುದ್ದ ಹಿಮದಲ್ಲಿ ಬ್ಯಾಗ್ ಹಿಡ್ಕೊಂಡು ನಡೆದೆ. ಬಾಗಿಲು ತೆಗೆದ ಸೊಸೆ ನನ್ನ ಮುಖ ನೋಡಿದ್ದೇ "ಅಯ್ಯೋ, ಸ್ಟಾರ್ವ್ಡ್ ಆಗಿದೀರಾ ಡಾಕ್ಟ್ರೇ?" ಅಂದ್ಲು. ಸ್ಟಾರ್ವ್ಡ್ ಅಂದ್ರೆ ಹಸಿವು ತಾನೇ? ನಂಗೆ ಕಣ್ಣಲ್ಲಿ ನೀರೇ ಬಂತು, ಈ ದೇಶಕ್ಕೆ ಬಂದಮೇಲೆ ಮೊದಲನೇ ಸಲ ಯಾರೋ "ಊಟ ಆಯ್ತಾ" ಅಂತ ಕೇಳ್ತಿದಾರೆ! ನಮ್ಮ ಕಡೆ ಅಭ್ಯಾಸ ಇದ್ಯಲ್ಲ, ಹಸಿವಿದ್ರೂ ಮೂರು ಸಲ ಬೇಡ ಅನ್ನೋದು. "ಇಲ್ಲ ಇಲ್ಲ, ಈಗಷ್ಟೇ ಆಯ್ತು, ಖಂಡಿತ ಬೇಡಮ್ಮ" ಅಂದೆ, ಹಲ್ಲು ಕಟಕಟ ಅಂತಿದ್ರೂನು. ಅವ್ಳು ಒಂಥರಾ ನೋಡಿದ್ಲು, ಧಗಧಗ ಉರೀತಿದ್ದ ಕಲ್ಲಿದ್ದಲ ಒಲೆ ಪಕ್ಕ ನನಗೆ ಅಂತ ಎಳೆದಿದ್ದ ಕುರ್ಚೀನ ವಾಪಸ್ ಗೋಡೆಗೆ ತಳ್ಳಿ ಸೀದಾ ಮಹಡಿಗೆ ಕರ್ಕೊಂಡ್ಹೋದ್ಲು.

ಮರಗಟ್ಟಿದ ಕೈನ ಹಾಗೇ ಅಜ್ಜಿ ಹೊಟ್ಟೆ ಮೇಲಿಟ್ಟೆ. ಅಜ್ಜಿ ಕಿರುಚಿದ ರಭಸಕ್ಕೆ ಮಂಚದ ಕೆಳಗಿದ್ದ ನಾಯಿ ಬೊಗಳ್ತಾ ಕೆಳಗೋಡ್ತು. ನೋವೇನೋ ಮಲಬದ್ಧತೇದು, ಆದ್ರೆ ಆಮೇಲೆ ಒಂದು ವರ್ಷ ಆ ಅಜ್ಜಿ ನನ್ನ ಕಂಡ್ರೆ ಮೊದ್ಲು ಕೈ ತೋರ್ಸಿ ಅಂತಿದ್ರು. 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಬಂದಾಗಿಂದ ಅಲ್ಲಿ ಡಾಕ್ಟ್ರಿಗೆ ಫೀಸ್ ಕೊಡೋ ಹಾಗಿಲ್ಲ, ಸೊಸೆ ಮಾತ್ರ ಆರು ಮೊಟ್ಟೆ ಕಟ್ಟಿಕೊಟ್ಲು.

ಸಂಜೆ ಡಾಕ್ಟ್ರ ಹೆಂಡ್ತಿಗೆ ಈ ಊಟದ ಉಪಚಾರದ ಕಥೆ ಹೇಳಿದ್ರೆ ಅವ್ರು ಟೀ ಕಪ್ ಕೆಳಗಿಟ್ಟು ನಗೋಕೆ ಶುರು ಮಾಡಿದ್ರು. ಆ ಸೀಮೇಲಿ ಸ್ಟಾರ್ವ್ಡ್ ಅಂದ್ರೆ ಚಳಿಗೆ ಸೆಡೆತು ಹೋಗಿರೋದಂತೆ.

ನಂಗೆ ನಗು ಬರ್ಲಿಲ್ಲ. ಹೋದ ವಾರ ಒಬ್ಬ ರೈತ ಗಡಗಡ ನಡುಗ್ತಾ ಬಂದು "ನಾಲ್ಕು ದಿನದಿಂದ ಸ್ಟಾರ್ವ್ಡ್" ಅಂದಿದ್ದ, ನಾನು ಹೆಗಲ ಮೇಲೆ ಕೈಯಿಟ್ಟು, ಸಂಕೋಚ ಪಡ್ಬೇಡಿ, ದಿನಾ ಒಂದು ಲೋಟ ಹಾಲಾದ್ರೂ ಕುಡೀರಿ ಅಂತ ಕಳಿಸಿದ್ದೆ. ಹನ್ನೆರಡು ಹಸು ಕಟ್ಟಿದ್ದ ಪುಣ್ಯಾತ್ಮ, ತಲೆಯಾಡಿಸಿ ಥ್ಯಾಂಕ್ಸ್ ಬೇರೆ ಹೇಳಿ ಹೋಗಿದ್ದ.